ಲವಂಗಣ್ಣ ಮುಚ್ಚಿದ ಹಲ್ಲು

ಲವಂಗಣ್ಣ ಮನುಷ್ಯರನ್ನು ನೆನಪಿಟ್ಟುಕೊಳ್ಳುತ್ತಿದ್ದದ್ದು ಅವರ ಹಲ್ಲಿನಿಂದ. ಹೆಸರು ಹೇಳಿದರೆ ಹುಬ್ಬು ಗಂಟಿಕ್ಕಿಕೊಂಡು ಸೂರು ನೋಡುತ್ತಿದ್ದ, ಊರು ಹೇಳಿದರೂ ಹೊಳೆಯುತ್ತಿರಲಿಲ್ಲ, ಹೋದ ವರ್ಷ ಮೇಲಿನ ಸರೋವರದ ಹತ್ತಿರ ಟೋಪಿ ಕಳೆದುಕೊಂಡರಲ್ಲ ಅವರೇ ಎಂದು ವಿವರಿಸಿದರೂ ಊಹೂಂ. ಕೊನೆಗೆ ಆ ಮನುಷ್ಯನೇ ಎದುರು ಬಂದು ಒಮ್ಮೆ ಬಾಯಿತುಂಬ ನಕ್ಕರೆ ಸಾಕು, ಲವಂಗಣ್ಣನ ಮುಖದಲ್ಲಿ ದೀಪ ಹೊತ್ತಿಕೊಳ್ಳುತ್ತಿತ್ತು. "ಓಹೋ, ಕೆಳಗಡೆ ಎಡಕ್ಕೆ, ಹಿಂದಿನಿಂದ ಎರಡನೇದು, ಬೆಳ್ಳಿ ತುಂಬಿಸಿದ್ದು! ಹೇಗಿದೆ ಅದು?" ಎಂದು ಕೇಳುತ್ತಿದ್ದ. ಹೇಗಿದ್ದೀರಿ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನಾನು ಹದಿನೆಂಟು ವರ್ಷ ಅವನ ತಂಡದ ಅಡುಗೆಯವನಾಗಿದ್ದೆ. ಅವನು ತಂಡದ ಮುಂದಾಳು. ಪಟ್ಟಣದ ಜನರನ್ನು ರಸ್ತೆ ಮುಗಿಯುವ ಜಾಗದಿಂದ ಆಚೆಗೆ, ದೀಪವಿಲ್ಲದ, ಫೋನಿಲ್ಲದ, ಆಸ್ಪತ್ರೆ ಎಂಬ ಮಾತೇ ಇಲ್ಲದ ಬೆಟ್ಟಗಳ ಒಳಗೆ ಹನ್ನೆರಡು ದಿನವೋ ಹದಿನಾಲ್ಕು ದಿನವೋ ನಡೆಸಿಕೊಂಡು ಹೋಗಿ, ಕೈಕಾಲು ಸರಿಯಾಗಿರುವಂತೆ ವಾಪಸು ತಂದು ಬಿಡುವ ಸಣ್ಣ ಕಂಪನಿ ನಮ್ಮದು, ನಮ್ಮದೆಂದರೆ ಯಜಮಾನರದು. ಬೇರೆ ಮುಂದಾಳುಗಳು ಜನರ ಕಾಲು ನೋಡುತ್ತಿದ್ದರು, ಎದೆ ನೋಡುತ್ತಿದ್ದರು, ಬೂಟಿನ ಅಟ್ಟೆ ತಿರುವಿ ನೋಡುತ್ತಿದ್ದರು. ಲವಂಗಣ್ಣ ಅದನ್ನೆಲ್ಲ ಎರಡು ನಿಮಿಷದಲ್ಲಿ ಮುಗಿಸಿ, "ಅದು ಇರ್ಲಿ, ಬಾಯಿ ತೆಗೀರಿ" ಎನ್ನುತ್ತಿದ್ದ. 'ಅದು ಇರ್ಲಿ' ಅವನ ನಾಲಗೆಗೆ ಅಂಟಿಕೊಂಡ ಮಾತು. ಯಾವ ವಿಷಯ ಎತ್ತಿದರೂ ಅದನ್ನು ಪಕ್ಕಕ್ಕಿಟ್ಟು ತನ್ನ ವಿಷಯಕ್ಕೆ ಬರಲು ಅವನಿಗೆ ಅದೊಂದು ಕಾಲುದಾರಿ.

ಮೈಮೇಲೆ ಸದಾ ಒಂದೇ ಕಂದು ಬಣ್ಣದ ಕ್ಯಾನ್ವಾಸ್ ಕೋಟು. ಅದಕ್ಕೆ ಹನ್ನೊಂದು ಜೇಬು, ಅವುಗಳಲ್ಲಿ ಆರನ್ನು ಅವನೇ ದಬ್ಬಳದಲ್ಲಿ ಹೊಲಿದುಕೊಂಡದ್ದು. ಎಡಗಡೆಯ ಒಳಜೇಬಿನಲ್ಲಿ ಚಪ್ಪಟೆಯಾದ ಒಂದು ತಗಡಿನ ಡಬ್ಬಿ. ಅದರೊಳಗಿನ ಲವಂಗದೆಣ್ಣೆಯ ಸೀಸೆ ಯಾವುದೋ ಕಾಲದಲ್ಲಿ ಸೋರಿ, ಕೋಟಿನ ಬಟ್ಟೆಯ ನೂಲುನೂಲಿಗೂ ಇಳಿದು, ಎಷ್ಟು ಒಗೆದರೂ ವಾಸನೆ ಹೋಗದೆ, ಮನುಷ್ಯನಿಗೇ ಆ ಹೆಸರು ಬಿದ್ದುಹೋಯಿತು. ಅಪ್ಪ ಅಮ್ಮ ಇಟ್ಟ ಹೆಸರು ಕಂಪನಿಯ ಹಾಜರಿ ಪುಸ್ತಕದಲ್ಲಿ ಇದ್ದಿರಬೇಕು. ಯಾರೂ ಕೂಗಿದ್ದು ನೆನಪಿಲ್ಲ.

ನಡಿಗೆಯೂ ವಿಚಿತ್ರ. ಪಟ್ಟಣದ ನುಣುಪಾದ ಕಾಲುಹಾದಿಯ ಮೇಲೂ ಸಡಿಲ ಕಲ್ಲಿನ ಮೇಲೆ ನಡೆಯುವವನಂತೆ ಮೊದಲು ಹೆಬ್ಬೆರಳು ಊರಿ, ನೆಲ ಒಪ್ಪಿತೆಂದು ಖಾತ್ರಿಯಾದ ಮೇಲೆ ಹಿಮ್ಮಡಿ ಇಳಿಸುತ್ತಿದ್ದ. ಐವತ್ತು ಹೆಜ್ಜೆಗೊಮ್ಮೆ ನಿಂತು ಹಿಂದಿರುಗಿ ತಲೆ ಎಣಿಸುತ್ತಿದ್ದ. ಬೆಟ್ಟದಲ್ಲಿ ಅದು ಮುಂದಾಳಿನ ಕೆಲಸ, ಆದರೆ ಸೋಪು ತರಲೆಂದು ಒಬ್ಬನೇ ಅಂಗಡಿ ಬೀದಿಗೆ ಹೊರಟಾಗಲೂ ನಿಂತು ತಿರುಗಿ ನೋಡುವುದನ್ನು ಕಂಡು ನಾನು ಒಮ್ಮೆ ರೇಗಿಸಿದೆ: "ಯಾರಣ್ಣಾ ಬರ್ತಿದ್ದಾರೆ ಹಿಂದೆ? ನಿನ್ನ ಹೆಂಡತಿ ಮಕ್ಕಳಾ?"

"ಯಾರೂ ಇಲ್ಲ," ಎಂದ ಲವಂಗಣ್ಣ, ಸ್ವಲ್ಪವೂ ನೊಂದುಕೊಳ್ಳದೆ. "ಆದ್ರೆ ಯಾರೂ ಇಲ್ಲ ಅನ್ನೋದೂ ತಿರುಗಿ ನೋಡಿದ ಮೇಲೇ ಅಲ್ವಾ ಗೊತ್ತಾಗೋದು?"

ಹೆಂಡತಿ ಮಕ್ಕಳು ಅವನಿಗಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ. ಕಬ್ಬಿಣದ ಮಂಚ, ಒಂದೇ ಕುರ್ಚಿ, ಕಿಟಕಿಯ ಸರಳಿಗೆ ಕಟ್ಟಿದ ದಾರದ ಮೇಲೆ ಒಣಗುವ ಉಣ್ಣೆಯ ಕಾಲುಚೀಲ. ಎರಡನೆಯ ಕುರ್ಚಿ ಇಲ್ಲದ್ದರಿಂದ ನಾನು ಹೋದಾಗಲೆಲ್ಲ ಅವನು ಮಂಚದ ಅಂಚಿನಲ್ಲಿ ಕೂರುತ್ತಿದ್ದ. ಬೇರೆ ಊರಿನಲ್ಲಿ ಒಬ್ಬ ಅಕ್ಕ ಇದ್ದಳು. ಭಾನುವಾರ ಬೆಳಿಗ್ಗೆ ಫೋನು. "ಅಕ್ಕಾ, ಕಟ್ಟಿಸಿದ ಹಲ್ಲು ಒತ್ತುತ್ತಾ? ರಾತ್ರಿ ತೆಗೆದು ನೀರಲ್ಲಿ ಇಡ್ತಿದ್ದೀಯಾ?" ಅತ್ತಕಡೆಯಿಂದ ಆಕೆ ಏನೋ ಬೈಯುವುದು ಕೇಳಿಸುತ್ತಿತ್ತು. "ಸರಿ, ಅದು ಇರ್ಲಿ" ಎಂದು ಇಟ್ಟುಬಿಡುತ್ತಿದ್ದ. ಹರೆಯದಲ್ಲಿ ಎಲ್ಲೋ ಮದುವೆಯ ಮಾತುಕತೆ ಅರ್ಧ ದೂರ ಬಂದಿತ್ತಂತೆ. ಇಬ್ಬರನ್ನೂ ಮಾತಾಡಿಕೊಳ್ಳಲಿ ಎಂದು ಹಿರಿಯರು ಹೊರಗೆ ಹೋದರೆ, ಇವನು ಆ ಹುಡುಗಿಗೆ ಬುದ್ಧಿಹಲ್ಲು ಪೂರ್ತಿ ಮೂಡಿದೆಯೋ ಅರ್ಧಕ್ಕೆ ನಿಂತಿದೆಯೋ ಎಂದು ಕೇಳಿದನಂತೆ. ಇದನ್ನು ಹೇಳಿದ್ದು ಒಮ್ಮೆ ಊರಿನಿಂದ ಬಂದಿದ್ದ ಅವನ ಅಕ್ಕನೇ. ನಗುತ್ತ ಶುರುಮಾಡಿದವಳು ಕೊನೆಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಕಂಪನಿಯ ಮೇಲಂತಸ್ತಿನಲ್ಲಿ ತಂಡದವರ ಮೊದಲ ಸಭೆ. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ನಕ್ಷೆ, ನನ್ನ ಕೈಯ ಚಹಾ. ಜನ ಹಿಮದ ಬಗ್ಗೆ, ಎತ್ತರದ ಬಗ್ಗೆ, ಕರಡಿಯ ಬಗ್ಗೆ ಕೇಳಲು ಬಂದಿರುತ್ತಿದ್ದರು. ಲವಂಗಣ್ಣ ಒಂದು ಸ್ಟೀಲ್ ಚಮಚ, ಒಂದು ಕೈದೀಪ, ಒಂದು ಲೋಟ ಮಂಜುಗಡ್ಡೆ ನೀರು ಇಟ್ಟುಕೊಂಡು ಕುರ್ಚಿಯಿಂದ ಕುರ್ಚಿಗೆ ಬರುತ್ತಿದ್ದ. ನೀರು ಬಾಯಲ್ಲಿ ಹಿಡಿಯಬೇಕು, ಹತ್ತು ಎಣಿಸಬೇಕು. ಚಮಚದ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿಸಿಕೊಳ್ಳಬೇಕು. ಎಲ್ಲಿ ಮುಖ ಕಿವುಚಿತೋ ಅಲ್ಲಿಗೆ ಒಂದು ಗುರುತು. ಗುರುತು ಬೀಳಲಿ ಬಿಡಲಿ ಎಲ್ಲರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಿ ಚೀಟಿ ತರಲೇಬೇಕು. ಹುಳುಕಿಗೆ ಹಾಕಿದ ಹಳೆಯ ತುಂಬಿಕೆ ಅಲ್ಲಾಡಿದರೆ ಈಗಲೇ ತೆಗೆಸಿ ಹೊಸದು ಹಾಕಿಸಬೇಕು, ಯಾಕೆಂದರೆ ಕೆಳಗಿನ ಊರಿನಲ್ಲಿ ತೆಪ್ಪಗಿರುವ ಹಲ್ಲು ಮೇಲೆ ಗಾಳಿ ತೆಳುವಾದಾಗ ಒಳಗೆ ಸಿಕ್ಕಿಬಿದ್ದ ಗಾಳಿಯಿಂದಲೇ ಎದ್ದು ಕೂರುತ್ತದೆ. ಎರಡು ತಿಂಗಳು ಏಕೆಂದರೆ, ಕಿತ್ತ ಹಲ್ಲಿನ ಗಾಯ ಮಾಯಲು, ಹಾಕಿದ ತುಂಬಿಕೆ ನಿಲ್ಲುತ್ತದೋ ಇಲ್ಲವೋ ತಿಳಿಯಲು ಅಷ್ಟು ದಿನ ಬೇಕು.

ಒಮ್ಮೆ ದಪ್ಪ ಮೀಸೆಯ ಬ್ಯಾಂಕ್ ಅಧಿಕಾರಿಯೊಬ್ಬರು ಸಿಡಿದೆದ್ದರು. "ಏನ್ರೀ ಇದು? ನಾವು ಬೆಟ್ಟ ಹತ್ತೋಕೆ ಬಂದಿದ್ದೀವೋ, ಕುದುರೆ ಸಂತೆಗೆ ಬಂದಿದ್ದೀವೋ?"

"ಕುದುರೆಗೆ ನೋವಾದ್ರೆ ಮೇವು ಬಿಡುತ್ತೆ ಸಾರ್, ನಮಗೆ ತಕ್ಷಣ ಗೊತ್ತಾಗುತ್ತೆ. ನೀವು ಮುಚ್ಚಿಟ್ಕೊಳ್ತೀರಿ. ಅದು ಇರ್ಲಿ, ಬಾಯಿ ತೆಗೀರಿ."

ಸಭೆಯೆಲ್ಲ ಗೊಳ್ಳೆಂದಿತು. ಅಧಿಕಾರಿಯ ದವಡೆಯಲ್ಲಿ ಒಂದು ಬಿರುಕು ಸಿಕ್ಕಿತು. ಆಮೇಲೆ ಆತ ಲವಂಗಣ್ಣನ ಭಕ್ತನಾದ.

ಬೆಟ್ಟದೊಳಗೆ ಹೋದ ಮೇಲಂತೂ ಅವನ ಕಾಯಿದೆ ಇನ್ನೂ ಬಿಗಿ. ಚಳಿಗಾಳಿಗೆ ಬಾಯಿ ತೆರೆದು ಉಸಿರಾಡಬಾರದು, ಮಫ್ಲರು ಮೂಗಿನ ತನಕ ಬರಬೇಕು. ಕಲ್ಲಿನಂತಾದ ಚಾಕೊಲೇಟನ್ನು ಕಂಕುಳಲ್ಲಿ ಇಟ್ಟು ಮೆತ್ತಗೆ ಮಾಡಿಕೊಂಡೇ ತಿನ್ನಬೇಕು. ಎಷ್ಟೇ ದಣಿದಿರಲಿ, ಟೆಂಟಿಗೆ ನುಗ್ಗುವ ಮುಂಚೆ ಎಲ್ಲರೂ ಸಾಲಾಗಿ ನಿಂತು ಹಲ್ಲುಜ್ಜಬೇಕು. ಅಷ್ಟು ಎತ್ತರದ ಒಂದು ಬಂಡೆಯ ಅಂಚಿನಲ್ಲಿ, ಸೂರ್ಯ ಇಳಿಯುವ ಹೊತ್ತಿಗೆ, ಒಬ್ಬ ಇಂಜಿನಿಯರು, ಒಬ್ಬ ವಕೀಲೆ, ಒಬ್ಬ ಮುದುಕ ಪೋಸ್ಟ್‌ಮಾಸ್ತರು ಎಲ್ಲರೂ ನೊರೆ ಉಗುಳುತ್ತ ನಿಂತ ದೃಶ್ಯವನ್ನು ಕಂಡವನಿಗೆ ಮನುಷ್ಯಜಾತಿಯ ಮೇಲೆ ಒಂದು ಬಗೆಯ ಕನಿಕರ ಬಾರದೆ ಇರದು.

ನನ್ನ ಮೇಲಿನ ಕಾಯಿದೆ ಒಂದೇ, ಅದೇ ನನಗೂ ಅವನಿಗೂ ಹದಿನೆಂಟು ವರ್ಷದ ಜಗಳ. ಬೇಳೆಯನ್ನೂ ಅಕ್ಕಿಯನ್ನೂ ಮೂರು ಸಲ ಆರಿಸಬೇಕು. ಮನೆಯಲ್ಲಿ ಒಂದು ಸಲ, ಹಾದಿಯಲ್ಲಿ ಒಂದು ಸಲ, ಪಾತ್ರೆಗೆ ಹಾಕುವ ಮುಂಚೆ ಮತ್ತೊಂದು ಸಲ. "ಏ, ನಿನ್ನ ಹಲ್ಲಿಗೆ ಬೆಂಕಿ ಬೀಳ! ಬೆರಳು ಮರಗಟ್ಟಿದೆ ನನಗೆ, ಕಾಳಿಗೂ ಕಲ್ಲಿಗೂ ವ್ಯತ್ಯಾಸ ತಿಳೀತಿಲ್ಲ," ಎಂದು ನಾನು ಕೂಗಾಡುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಕೆಟ್ಟದ್ದು. ಅವನು ಬಂದು ಎದುರು ಕೂತು, ತಟ್ಟೆಯ ಅರ್ಧ ಬೇಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಆರಿಸತೊಡಗುತ್ತಿದ್ದ.

ಈ ಹುಚ್ಚಿನ ಮೂಲ ಯಾವುದೆಂದು ನಾನು ಕೇಳಿದ್ದು ಒಂದೇ ಸಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ಎತ್ತರದ ಒಂದು ತಂಗುಮನೆಯ ಕಾವಲಿಗೆ ಇದ್ದನಂತೆ. ಹಿಮ ಬಿದ್ದು ದಾರಿ ಮುಚ್ಚಿತು. ಒಂದು ದವಡೆಹಲ್ಲಿನ ನೋವು ಎದ್ದಿತು. ಒಂಬತ್ತು ದಿನ. ಹತ್ತನೆಯ ದಿನ ಒಲೆ ರಿಪೇರಿಯ ಇಕ್ಕಳದಿಂದ ತಾನೇ ಕಿತ್ತುಕೊಂಡ. "ನೋವು ದೊಡ್ಡದಲ್ಲ ತಮ್ಮಾ. ಯಾರಿಗಾದ್ರೂ ಹೇಳ್ಕೊಂಡಿದ್ರೆ ಅರ್ಧ ಇಳೀತಿತ್ತು. ಗೋಡೆಗೆ ಹೇಳ್ದೆ, ಒಲೆಗೆ ಹೇಳ್ದೆ. ಕೊನೆಗೆ ನನ್ನ ಹೆಸರು ನಾನೇ ಕೂಗ್ಕೊಂಡೆ, ಯಾರೋ ಕರೆದ ಹಾಗೆ ಇರ್ಲಿ ಅಂತ." ಇಷ್ಟು ಹೇಳಿ ಬೇಳೆಗೆ ಬಗ್ಗಿದ.

ಅವನಿಗೆ ವಿದ್ಯೆ ಕಲಿಸಿದವರು ನಮ್ಮ ಬೀದಿಯ ಹಲ್ಲಿನ ಡಾಕ್ಟರಮ್ಮ. ಸಂಜೆ ರೋಗಿಗಳು ಮುಗಿದ ಮೇಲೆ ಇವನು ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದ, ಆಕೆ ಪ್ಲಾಸ್ಟರಿನ ದವಡೆ ಇಟ್ಟುಕೊಂಡು ತೋರಿಸುತ್ತಿದ್ದರು: ತುಂಬಿಕೆ ಬಿದ್ದರೆ ಹತ್ತಿಯಿಂದ ಒರೆಸಿ ತಾತ್ಕಾಲಿಕ ಸಿಮೆಂಟು ಒತ್ತುವುದು ಹೇಗೆ, ಬಿದ್ದ ಹಲ್ಲನ್ನು ಬೇರು ಮುಟ್ಟದೆ ಎತ್ತಿ ಹಾಲಿನಲ್ಲಿ ಇಡುವುದು ಹೇಗೆ, ಯಾವ ಊತಕ್ಕೆ ಯಾವ ಮಾತ್ರೆ ಆರಂಭಿಸಬೇಕು. ಡಬ್ಬಿಯ ಮುಚ್ಚಳದ ಒಳಮೈಗೆ ಆಕೆಯೇ ಕೈಯಾರೆ ಬರೆದ ಒಂದು ಚೀಟಿ ಅಂಟಿಸಿಕೊಟ್ಟಿದ್ದರು. ತಣ್ಣಗಿನದು ತಾಗಿ ಝುಮ್ಮೆಂದು ಕೂಡಲೇ ನಿಂತರೆ ಮುಚ್ಚಬಹುದು. ಬಿಸಿ ತಾಗಿ ಮಿಡಿಯತೊಡಗಿದರೆ, ತಣ್ಣೀರಿಗೆ ಹಾಯೆನಿಸಿದರೆ, ಮುಚ್ಚಬೇಡಿ, ಒಳಗೆ ಕೀವು ಕೂಡುತ್ತಿದೆ, ತೆರೆದಿಡಿ, ಕೆಳಗಿಳಿಸಿ.

ಹದಿನಾಲ್ಕು ವರ್ಷ ಆ ಚೀಟಿ ಅಲ್ಲಿತ್ತು. ಹದಿನೈದನೆಯ ವರ್ಷ ಕಂಪನಿಯವರು ಎಲ್ಲ ಡಬ್ಬಿಗಳಿಗೂ ಒಳಗಿನ ಸಾಮಾನಿನ ಅಚ್ಚುಹಾಕಿದ ಪಟ್ಟಿ ಕೊಟ್ಟರು. ಲವಂಗಣ್ಣ ಶಿಸ್ತಿನ ಮನುಷ್ಯ. ಮುಚ್ಚಳದಲ್ಲಿ ಬೇರೆ ಜಾಗವಿರಲಿಲ್ಲ. ಹಳೆಯ ಚೀಟಿ ಹೇಗೂ ಬಾಯಿಪಾಠವಾಗಿದೆಯಲ್ಲ ಎಂದುಕೊಂಡು, ಪಟ್ಟಿಯನ್ನು ಅದರ ಮೇಲೆಯೇ, ಒಂದು ಸುಕ್ಕಿಲ್ಲದಂತೆ, ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದ. ನಾನು ನೋಡುತ್ತಲೇ ಇದ್ದೆ.

ಆ ವರ್ಷದ ಒಂದು ತಂಡದಲ್ಲಿ ಭೂಗೋಳ ಕಲಿಸುವ ಟೀಚರಮ್ಮ ಒಬ್ಬರಿದ್ದರು. ಐವತ್ತರ ಹತ್ತಿರದ ವಯಸ್ಸು, ಸಣಕಲು ಮೈ, ದಾರಿಯುದ್ದಕ್ಕೂ ಕಲ್ಲು ಎತ್ತಿ ಎತ್ತಿ ಎಲ್ಲರಿಗೂ ಅದರ ವಂಶಾವಳಿ ಹೇಳುವ ಉತ್ಸಾಹ. ಆಕೆಯ ಊರಿನ ಡಾಕ್ಟರ ಚೀಟಿ ಇತ್ತು, ಚಮಚ ತಟ್ಟಿದಾಗ ಎಲ್ಲೂ ಮುಖ ಕಿವುಚಿರಲಿಲ್ಲ. ಬಲಗಡೆ ಕೆಳಗೆ ಒಂದು ಹಳೆಯ ದೊಡ್ಡ ತುಂಬಿಕೆ, ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ಗಟ್ಟಿ ಚಾಕೊಲೇಟನ್ನು ಹಾಗೆಯೇ ಹಂಚಿದ್ದಕ್ಕೆ ಅವನು ನನ್ನನ್ನು ಎಲ್ಲರ ಎದುರು ಗದರಿದ. ನನಗೆ ಮೈಯೆಲ್ಲ ಉರಿ. ಆ ದಿನ ಬೇಳೆಯನ್ನು ಮೂರನೆಯ ಸಲ ಆರಿಸಲಿಲ್ಲ. ಅವನು ಬಂದು ಎದುರು ಕೂರುವ ಮುಂಚೆಯೇ ಚೀಲದಿಂದ ನೇರ ಪಾತ್ರೆಗೆ ಸುರಿದೆ.

ಊಟದ ನಡುವೆ ಟಕ್ಕೆಂದಿತು. ಟೀಚರಮ್ಮ ಕೈಯಿಟ್ಟು ಬಾಯಿಂದ ಏನನ್ನೋ ತೆಗೆದು ಬೆಳಕಿಗೆ ಹಿಡಿದರು. "ಮೂವತ್ತು ವರ್ಷ ಕಲ್ಲಿನ ಪಾಠ ಮಾಡಿದ್ದೀನಿ, ಬಾಯಲ್ಲಿ ಸಿಕ್ಕಿದ್ದು ಇದೇ ಮೊದಲು. ಬೆಣಚುಕಲ್ಲು ನೋಡಿ ಇದು!" ಎಂದು ನಕ್ಕರು. ಕಲ್ಲಿನ ಜೊತೆಗೆ ಹಳೆಯ ತುಂಬಿಕೆಯ ಅರ್ಧವೂ ಬಂದಿತ್ತು. ಲವಂಗಣ್ಣ ನನ್ನ ಕಡೆ ಒಂದು ಸಲ ನೋಡಿದ.

ಮರುದಿನ ಬೆಳಿಗ್ಗೆ ಬಿಸಿ ಚಹಾ ಬಾಯಿಗಿಟ್ಟವರೇ ಟೀಚರಮ್ಮ ಲೋಟ ಕೆಳಗಿಟ್ಟರು. "ಯಾಕೋ ಮಿಡೀತಿದೆ ಲವಂಗಣ್ಣ. ತೊರೆ ನೀರು ಹಿಡಿದ್ರೆ ಹಾಯೆನಿಸುತ್ತೆ." ಆ ಚೀಟಿಯದೇ ಮಾತು, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಎಲ್ಲರೂ ಸುತ್ತ ನಿಂತಿದ್ದರು. ಲವಂಗಣ್ಣ ಬಂಡೆಯ ಮೇಲೆ ಆಕೆಯನ್ನು ಕೂರಿಸಿ, ಡಬ್ಬಿ ತೆರೆದ. ಮುಚ್ಚಳದಲ್ಲಿ ಹತ್ತಿ, ಕನ್ನಡಿ, ಚಿಮಟ, ಸಿಮೆಂಟು ಎಂದು ಅಚ್ಚಿನ ಅಕ್ಷರ ಕಂಡಿತು. ಹತ್ತಿಯಿಂದ ಗುಳಿ ಒರೆಸಿ, ಸಿಮೆಂಟು ಒತ್ತಿ, ಕಚ್ಚಿಸಿ, ಅಂಚು ಸವರಿ, ಹತ್ತು ನಿಮಿಷದಲ್ಲಿ ಮುಗಿಸಿದ. ಎಷ್ಟು ಚಂದದ ಕೆಲಸ! ಆ ತಂಡದಲ್ಲೇ ಇದ್ದ ಮುದುಕ ಪೋಸ್ಟ್‌ಮಾಸ್ತರು ಚಪ್ಪಾಳೆ ತಟ್ಟಿದರು. ಅದೃಷ್ಟ ಕೆಟ್ಟು, ಅರ್ಧ ದಿನ ನೋವೂ ಇಳಿಯಿತು. ನಾವು ಇನ್ನೂ ಒಳಗೆ ನಡೆದೆವು.

ಆರನೆಯ ದಿನ ನಸುಕಿನಲ್ಲಿ ಟೀಚರಮ್ಮ ಟೆಂಟಿನಿಂದ ಹೊರಬಂದಾಗ ಮುಖದ ಬಲಭಾಗ ಯಾರದೋ ಆಗಿತ್ತು. ದವಡೆಯ ಕೆಳಗೆ ಹಲಗೆಯಂತೆ ಗಟ್ಟಿ. ಬಾಯಿ ಎರಡು ಬೆರಳಿನಷ್ಟೂ ತೆರೆಯದು, ಎಂಜಲು ನುಂಗಲು ಕಷ್ಟ. ಲವಂಗಣ್ಣ ನೋಡಿದ, ಹಿಂದಕ್ಕೆ ಸರಿದ, ಡಬ್ಬಿ ತೆಗೆದ. ಅವನ ಬೆರಳು ಮುಚ್ಚಳದ ಪಟ್ಟಿಯ ಒಂದು ಮೂಲೆಯನ್ನು ಹಿಡಿದು ಎಳೆಯಿತು. ಅದು ಬರಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದ. ಉಗುರಿನಿಂದ ಕೆರೆದು ಕೆರೆದು ಅರ್ಧ ಹರಿದಾಗ ಕೆಳಗೆ ಡಾಕ್ಟರಮ್ಮನ ಕೈಬರಹದಲ್ಲಿ 'ಮುಚ್ಚಬೇಡಿ' ಎಂಬಷ್ಟು ಕಂಡಿತು.

ಆಮೇಲಿನದನ್ನೆಲ್ಲ ಅವನು ಸರಿಯಾಗಿಯೇ ಮಾಡಿದ. ಚಿಮಟದ ತುದಿಯಿಂದ ತನ್ನದೇ ಸಿಮೆಂಟನ್ನು ಕೆತ್ತಿ ತೆಗೆದ. ಆ ದುರ್ವಾಸನೆ, ಆ ಕೀವು, ಟೀಚರಮ್ಮನ ಗಂಟಲಿನ ಆ ಸದ್ದು ನನಗೆ ಈಗಲೂ ಬೇಡ. ಉಪ್ಪುನೀರು, ಮಾತ್ರೆ. ಹೊರೆಯ ಕುದುರೆಯೊಂದನ್ನು ಖಾಲಿ ಮಾಡಿ ಆಕೆಯನ್ನು ಕೂರಿಸಿ, ತಂಡವನ್ನು ಜೊತೆಗಿದ್ದ ಕಿರಿಯ ಮುಂದಾಳಿಗೆ ಒಪ್ಪಿಸಿ, ನಾವು ಮೂವರೇ ಇಳಿದೆವು. ಐದು ದಿನದ ದಾರಿಯನ್ನು ಎರಡೂವರೆ ದಿನದಲ್ಲಿ. ಕುದುರೆಯ ಹಗ್ಗವನ್ನು ಅವನು ಒಂದು ಗಳಿಗೆಯೂ ನನ್ನ ಕೈಗೆ ಕೊಡಲಿಲ್ಲ.

ಎರಡನೆಯ ದಿನ, ನೀರಿಗೆಂದು ನಿಂತಾಗ, ನನ್ನಿಂದ ತಡೆಯಲಾಗಲಿಲ್ಲ. "ಅಣ್ಣಾ, ಬೇಳೆ... ನಾನು ಆವತ್ತು ಆರಿಸಿರಲಿಲ್ಲ."

"ಗೊತ್ತು," ಎಂದ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. "ಕಲ್ಲು ಯಾರ ಪಾತ್ರೇಲೂ ಬರುತ್ತೆ. ಮುಚ್ಚಿದ್ದು ನಾನು." ಅಲ್ಲಿಗೆ ಆ ಮಾತು ಮುಗಿಯಿತು. ಮುಂದೆಂದೂ ಅವನು ಆ ಕಲ್ಲಿನ ಸುದ್ದಿ ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಟೀಚರಮ್ಮ ಉಳಿದರು. ದವಡೆಯ ಕೆಳಗೆ ಕೊಯ್ದರು, ಹಲ್ಲು ಹೋಯಿತು, ಎಲುಬಿನ ಒಂದು ಚೂರು ಹೋಯಿತು, ಕೆಳತುಟಿಯ ಬಲ ಅರ್ಧಕ್ಕೆ ಸ್ಪರ್ಶ ಹೋಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಆಕೆಯ ಬಾಯಿಂದ ಚಹಾ ಗಲ್ಲದ ಮೇಲೆ ಇಳಿಯುತ್ತಿತ್ತು, ಆಕೆಗೆ ಅದು ತಿಳಿಯುತ್ತಿರಲಿಲ್ಲ. "ನೀವು ಇಲ್ಲದಿದ್ರೆ ನಾನು ಉಳೀತಿರಲಿಲ್ಲ ಲವಂಗಣ್ಣ," ಎಂದರು, ತೊದಲುತ್ತ.

"ನಾನು ಇಲ್ಲದಿದ್ರೆ ನೀವು ಈ ಮಂಚದ ಮೇಲೇ ಇರ್ತಿರಲಿಲ್ಲ ಟೀಚರಮ್ಮ," ಎಂದು ಅವನು ಕರವಸ್ತ್ರದಿಂದ ಆಕೆಯ ಗಲ್ಲ ಒರೆಸಿದ.

ಡಾಕ್ಟರಮ್ಮನ ಹತ್ತಿರವೂ ಹೋದ, ಹರಿದ ಪಟ್ಟಿಯ ಡಬ್ಬಿ ತೋರಿಸಿದ. ಆಕೆ ತುಂಬ ಹೊತ್ತು ನೋಡಿ, "ನನ್ನ ಕೈಲೂ ತಪ್ಪಾಗಿದೆ ಕಣ್ರೀ, ಆಗದವರು ಯಾರಿದ್ದಾರೆ," ಎಂದರು.

"ಎಷ್ಟು ಜನಕ್ಕೆ ಹೇಳಿದ್ರಿ ಡಾಕ್ಟರಮ್ಮ?"

ಆಕೆ ಡಬ್ಬಿಯ ಮುಚ್ಚಳ ಹಾಕಿ ಅವನತ್ತ ಸರಿಸಿದರು. ಲವಂಗಣ್ಣ ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದ. ಅವನ ಕಷ್ಟವೇ ಅದು.

ಮುಂದಿನ ತಂಡದ ಮೊದಲ ಸಭೆ. ಚಮಚ ಕೈಗೆತ್ತಿಕೊಳ್ಳುವ ಮುಂಚೆ ಲವಂಗಣ್ಣ ನಕ್ಷೆಯ ಮುಂದೆ ನಿಂತು ಹೇಳಿದ: "ಹೋದ ಸಲ ನಾನು ತೆರೆದಿಡಬೇಕಾದ ಹಲ್ಲೊಂದನ್ನ ಮುಚ್ಚಿದೆ. ಒಬ್ಬರು ಸಾಯೋದ್ರಲ್ಲಿದ್ರು. ಈಗ ಅವರಿಗೆ ತುಟಿ ಇರೋದೇ ಗೊತ್ತಾಗಲ್ಲ. ಯಾವಾಗ ಮುಚ್ಚಬಾರದು ಅಂತ ನಿಮಗೂ ಹೇಳಿಕೊಡ್ತೀನಿ, ನಾನು ಮರೆತ್ರೆ ನೀವು ಹೇಳ್ಬೇಕು." ಕುರ್ಚಿಗಳು ಸರಿದಾಡಿದವು. ಹನ್ನೆರಡು ಜನರಲ್ಲಿ ಏಳು ಜನ ಮರುದಿನವೇ ಹೆಸರು ಹಿಂದಕ್ಕೆ ಪಡೆದರು. ಅದರ ಮುಂದಿನ ಸಭೆಯಲ್ಲಿ ಒಂಬತ್ತು.

ಯಜಮಾನರು ಕೆಟ್ಟವರಲ್ಲ. ಲವಂಗಣ್ಣನನ್ನು ಕರೆದು ಕೂರಿಸಿದರು, ನನ್ನಿಂದ ಚಹಾ ತರಿಸಿದರು. "ಅಲ್ಲ ಲವಂಗಣ್ಣಾ, ಹೋಟೆಲಿನವನು ಬಾಗಿಲಲ್ಲಿ ನಿಂತು ನಿನ್ನೆ ಅಡುಗೆ ಹಳಸಿತ್ತು ಬನ್ನಿ ಬನ್ನಿ ಅಂತ ಕೂಗ್ತಾನಾ?"

"ಹಳಸಿದ್ದು ತಿಂದು ಬಿದ್ದವರಿದ್ರೆ ಕೂಗಬೇಕು ಯಜಮಾನ್ರೇ."

"ನಿಮ್ಮಷ್ಟು ಬೆಟ್ಟ ಗೊತ್ತಿರೋರು ನನ್ನಲ್ಲಿ ಯಾರೂ ಇಲ್ಲ. ಅದೊಂದು ಮಾತು ಬಿಟ್ಟುಬಿಡಿ. ಉಳಿದದ್ದೆಲ್ಲ ನಿಮ್ಮಿಷ್ಟ. ಆ ಒಂದು ಮಾತು."

ಲವಂಗಣ್ಣ ಲೋಟವನ್ನು ಅಂಗೈಯಲ್ಲಿ ತಿರುಗಿಸಿದ. ಬೆಟ್ಟದ ಹೊರಗೆ ಅವನಿಗೆ ಬದುಕೇ ಇರಲಿಲ್ಲವೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. "ಆವತ್ತು ಹನ್ನೊಂದು ಜನ ಸುತ್ತ ನಿಂತಿದ್ರು," ಎಂದ. "ಟೀಚರಮ್ಮ ಬಾಯಿಬಿಟ್ಟು ಹೇಳಿದ್ರು. ಒಬ್ಬರೂ ನಿಲ್ಲಿಸು ಅನ್ನಲಿಲ್ಲ. ಯಾಕೆ? ಲವಂಗಣ್ಣ ತಪ್ಪೋದಿಲ್ಲ ಅಂತ. ಆ ನಂಬಿಕೆ ಇಟ್ಕೊಂಡು ನಾನು ಇನ್ನೊಂದು ಬಾಯಿಗೆ ಕೈ ಹಾಕಲಾರೆ."

ನಾನು ಚಹಾದ ತಟ್ಟೆ ಹಿಡಿದು ಬಾಗಿಲ ಬಳಿಯೇ ನಿಂತಿದ್ದೆ. ಕಲ್ಲಿನ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ತಪ್ಪಿನ ಭಾರ ಎರಡಾಗಿ ಒಡೆದು, ಯಜಮಾನರು ನನ್ನನ್ನು ಓಡಿಸಿ ಅವನನ್ನು ಉಳಿಸಿಕೊಳ್ಳುತ್ತಿದ್ದರೋ ಏನೋ. ಜಗತ್ತಿನ ಮೇಲೆಲ್ಲ ಕೂಗಾಡುವ ನನ್ನ ಬಾಯಿ ಆ ಐದು ನಿಮಿಷ ತೆರೆಯಲಿಲ್ಲ. ತಟ್ಟೆ ಎತ್ತಿಕೊಂಡು ಹೊರಗೆ ಬಂದೆ.

ಅವನನ್ನು ಗೋದಾಮಿಗೆ ಹಾಕಿದರು. ಮೋಟಾರು ಗ್ಯಾರೇಜುಗಳ ಬೀದಿಯ ಕೊನೆಯಲ್ಲಿ ತಗಡಿನ ಸೂರಿನ ಉದ್ದನೆಯ ಕೋಣೆ. ಟೆಂಟು, ಹಗ್ಗ, ಸ್ಟೋವು, ಮಲಗುವ ಚೀಲ. ಎಂಟು ತಂಡಗಳ ಎಂಟು ಔಷಧದ ಡಬ್ಬಿಗಳನ್ನು ತುಂಬಿಡುವುದೂ ಅವನದೇ ಕೆಲಸ. ಈಗ ಪ್ರತಿ ಮುಚ್ಚಳದೊಳಗೂ ಡಾಕ್ಟರಮ್ಮನ ಮಾತು ಅವನ ದಪ್ಪ ಅಕ್ಷರದಲ್ಲಿ ಇದೆ. ಸಾಮಾನಿನ ಪಟ್ಟಿಯನ್ನು ದಾರ ಕಟ್ಟಿ ಹೊರಗೆ ನೇತುಹಾಕಿರುತ್ತಾನೆ. ಡಬ್ಬಿ ಒಯ್ಯಲು ಬರುವ ಹೊಸ ಮುಂದಾಳುಗಳನ್ನು ನಿಲ್ಲಿಸಿಕೊಂಡು ಹೇಳಬೇಕಾದದ್ದನ್ನು ಹೇಳುತ್ತಾನೆ, ತನ್ನ ಕಥೆಯನ್ನೂ ಸೇರಿಸಿ. ಅವರಿಗೆ ವ್ಯಾನಿನ ಹಾರ್ನು ಕೇಳಿಸುತ್ತಿರುತ್ತದೆ. "ಗೊತ್ತು ಅಣ್ಣಾ, ಗೊತ್ತು" ಎನ್ನುತ್ತಾರೆ.

ನಾನೂ ಮರುವರ್ಷ ಬೆಟ್ಟ ಬಿಟ್ಟೆ. ಮಂಡಿ ನೋವು ಎಂದು ಯಜಮಾನರಿಗೆ ಹೇಳಿದೆ. ಆಗಾಗ ಮಧ್ಯಾಹ್ನ ಗೋದಾಮಿಗೆ ಹೋಗಿ ಅವನ ಎದುರು ಕೂರುತ್ತೇನೆ. ಅವನು ನನ್ನ ಮೇಲೆ ಮುನಿಸಿಕೊಂಡಿಲ್ಲ, ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ನನ್ನ ಎಡಗಡೆಯ ಮೇಲಿನ ಹಲ್ಲು ಹೇಗಿದೆ ಎಂದು ಕೇಳುತ್ತಾನೆ. ಹೋದ ವಾರ ನಾನಿದ್ದಾಗಲೇ ಒಬ್ಬ ಮುಂದಾಳು ಹದಿಮೂರು ದಿನ ಮುಗಿಸಿ ಬಂದು ಡಬ್ಬಿಯನ್ನು ಮೇಜಿನ ಮೇಲೆ ಎಸೆದ. "ತೆರೆಯಲೇ ಇಲ್ಲ ಇದನ್ನ. ಸುಮ್ಮನೆ ಹೊರೆ!" ಎಂದು ಹೊರಟುಹೋದ. ಲವಂಗಣ್ಣ ಡಬ್ಬಿ ತೆರೆದು, ಎಲ್ಲ ಇದ್ದಲ್ಲೇ ಇರುವುದನ್ನು ಕಂಡು, ಹಬ್ಬದೂಟ ಉಂಡವನಂತೆ ಕುರ್ಚಿಗೆ ಒರಗಿದ. ಆ ಸಂತೋಷವನ್ನು ಹಂಚಿಕೊಳ್ಳಲು ಅಲ್ಲಿ ನಾನೊಬ್ಬನೇ ಇದ್ದೆ, ನಾನೂ ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಇಂಥ ಜನ ಎಲ್ಲ ಕಸುಬಿನಲ್ಲೂ ಒಬ್ಬಿಬ್ಬರು ಇರುತ್ತಾರೆಂದು ಕಾಣುತ್ತದೆ. ಉಳಿದ ನಾವು ತಪ್ಪು ಮಾಡಿದ ಕೂಡಲೇ ಅದನ್ನು ಚೂರು ಮಾಡಿ ಹಂಚಲು ಕೂರುತ್ತೇವೆ. ಚಳಿಗೆ ಒಂದು ಚೂರು, ಯಜಮಾನನಿಗೆ ಒಂದು, ಗ್ರಹಚಾರಕ್ಕೆ ಒಂದು, ಎದುರಿಗಿದ್ದವನ ಕೋಪಕ್ಕೆ ಒಂದು. ಹಂಚಿ ಹಂಚಿ ಕೊನೆಗೆ ನಮ್ಮ ಪಾಲಿಗೆ ಬರುವುದು ಉಗುರಿನ ಸಂದಿಯಲ್ಲಿ ಅಡಗುವಷ್ಟು. ಅವರಿಗೆ ಈ ಹಂಚಿಕೆ ಬರುವುದಿಲ್ಲ. ಇಡಿಯಾಗಿ ಎತ್ತಿ ಹೆಗಲಿಗಿಟ್ಟುಕೊಂಡು, ನಾಲ್ಕು ಜನ ನೋಡುವಂತೆ ಬೀದಿಯ ನಡುವೆಯೇ ನಡೆಯುತ್ತಾರೆ, ನಮಗೆ ಅವರ ಪಕ್ಕದಲ್ಲಿ ನಡೆಯಲು ಮುಖವಿರುವುದಿಲ್ಲ. ಹಾಗಾಗಿ ಅವರ ಸುತ್ತ ಯಾವಾಗಲೂ ಒಂದಿಷ್ಟು ಜಾಗ ಖಾಲಿ. ಪಾಪ, ಒಂಟಿ ಮನುಷ್ಯ ಎಂದು ನಾವು ಮರುಗುತ್ತೇವೆ, ಆ ಜಾಗ ನಾವೇ ಒಬ್ಬೊಬ್ಬರಾಗಿ ಸರಿದು ಖಾಲಿ ಮಾಡಿದ್ದೆಂಬುದನ್ನು ಯಾರಿಗೂ ಹೇಳದೆ.